ಹಬ್ಬದ ಮಾಂಸ, ಕೈಯಲ್ಲಿ ಚೂರಿ

ಕ್ರಿಸ್ಮಸ್ಸಿಗೆ ಎರಡು ದಿನ ಇರುವಾಗ ನಮ್ಮ ಕಡೆಯ ಮನೆಗಳು ಹೇಗಿರುತ್ತವೆ ಎಂದು ಈ ಪತ್ರಿಕೆಯ ಓದುಗರಿಗೆ ಹೇಳಬೇಕಾಗಿಲ್ಲ. ಜಗಲಿಯಲ್ಲಿ ಮಕ್ಕಳ ಗೋದಲಿ ಕೆಲಸ, ಒಳಗೆ ಕುಸ್ವಾರ್ ಕರಿಯುವ ಎಣ್ಣೆಯ ಪರಿಮಳ, ಹಿಂದಿನ ಅಂಗಳದಲ್ಲಿ ಬಾಳೆಲೆ ಹಾಸಿ ಹಂದಿಮಾಂಸ ಮಾಡುವ ಗಂಡಸರು. ನಾಲ್ಕು ಮನೆಯವರು ಸೇರಿ ಒಂದು ಹಂದಿ ತಂದರೆ ಪಾಲು ಹಾಕುವ ತನಕ ಗದ್ದಲವೇ ಗದ್ದಲ. 1997ರ ಡಿಸೆಂಬರ್ 23ರಂದು ಕಾಸರಗೋಡಿನ ಕಡೆಯ ನಮ್ಮ ಮನೆಯಲ್ಲಿಯೂ ಹೀಗೆಯೇ ಇತ್ತು. ಆ ಸಂಜೆ ನನ್ನ ಚಿಕ್ಕಪ್ಪನ ಬಲಗೈಗೆ ಚೂರಿ ತಾಗಿತು.

ಬಲಗೈ ಎಂದದ್ದು ಅಚ್ಚಿನ ತಪ್ಪಲ್ಲ. ಚೂರಿ ಹಿಡಿದದ್ದೂ ಬಲಗೈಯಲ್ಲಿಯೇ. ತೊಡೆಯ ಎಲುಬಿನಿಂದ ಮಾಂಸ ಬಿಡಿಸಲು ಮೊನೆಯನ್ನು ಊರಿ ಬಲವಾಗಿ ಒತ್ತಿದರು. ಮೊನೆ ಎಲುಬಿಗೆ ತಾಗಿ ಅಲ್ಲಿಯೇ ನಿಂತಿತು. ಕೊಬ್ಬು ಹತ್ತಿದ ಕೈ ನಿಲ್ಲಲಿಲ್ಲ, ಹಿಡಿಯಿಂದ ಜಾರಿ ಅಲಗಿನ ಮೇಲೆಯೇ ಮುಂದೆ ಹೋಯಿತು. ಉಂಗುರ ಬೆರಳು ಮತ್ತು ಕಿರುಬೆರಳಿನ ಬುಡದಲ್ಲಿ ಅಡ್ಡಕ್ಕೆ ಒಂದೊಂದು ಗೆರೆ. ನೋಡಲು ಅಷ್ಟೇ. ಯಾರೋ ಕಾಫಿಪುಡಿ ಒತ್ತಿದರು, ಯಾರೋ ಲುಂಗಿಯ ಅಂಚು ಹರಿದು ಕಟ್ಟಿದರು. ಕಾಲು ಗಂಟೆಯಲ್ಲಿ ರಕ್ತ ನಿಂತಿತು. "ರಕ್ತ ನಿಂತಿತಲ್ಲ, ಇನ್ನು ಎಂತ ಭಯ?" ಎಂದು ಎಲ್ಲರೂ ಪುನಃ ಕೆಲಸಕ್ಕೆ ಕೂತರು. ಚಿಕ್ಕಪ್ಪ ಕೈಗೆ ಬಟ್ಟೆ ಸುತ್ತಿಕೊಂಡೇ ನಡುರಾತ್ರಿಯ ಪೂಜೆಗೆ ಹೋದರು.

ನಾನು ಆಗ ಮಂಗಳೂರಿನಲ್ಲಿ ನರ್ಸಿಂಗ್ ಎರಡನೇ ವರ್ಷ ಕಲಿಯುತ್ತಿದ್ದೆ. ಹಬ್ಬಕ್ಕೆ ರಜೆ ಸಿಗದೆ ಜನವರಿ ಮಧ್ಯಕ್ಕೆ ಊರಿಗೆ ಬಂದೆ. ಗಾಯ ಚೆನ್ನಾಗಿ ಒಣಗಿತ್ತು. "ಚಿಕ್ಕಪ್ಪಾ, ಆ ಎರಡು ಬೆರಳು ಒಮ್ಮೆ ಮಡಚಿ ನೋಡುವಾ" ಎಂದೆ. "ಅದು ಬಾವು ಪೂರ್ತಿ ಇಳಿದ ಮೇಲೆ ಸರಿಯಾಗ್ತದೆ ಮಗಾ" ಎಂದರು. ಬಾವು ಯಾವಾಗಲೋ ಇಳಿದಿತ್ತು. ಬೆರಳುಗಳು ಮಾತ್ರ ಕೋಲಿನ ಹಾಗೆ ನೆಟ್ಟಗೆ ನಿಂತಿದ್ದವು.

ಬೆರಳು ಮಡಚುವ ಶಕ್ತಿ ಬೆರಳಿನಲ್ಲಿ ಇಲ್ಲ, ಮುಂಗೈಯ ಸ್ನಾಯುವಿನಲ್ಲಿ ಇದೆ. ಅಲ್ಲಿಂದ ಬಿಳಿಯ ಹುರಿಗಳು ಅಂಗೈ ದಾಟಿ ಬೆರಳಿಗೆ ಬರುತ್ತವೆ. ಡಾಕ್ಟರರು ಅದಕ್ಕೆ ಟೆಂಡನ್ ಎನ್ನುತ್ತಾರೆ. ಒಂದೊಂದು ಬೆರಳಿಗೆ ಎರಡೆರಡು ಹುರಿ. ಅದು ತುಂಡಾದರೆ ಎಳೆದು ಬಿಟ್ಟ ರಬ್ಬರಿನಂತೆ ಹಿಂದಕ್ಕೆ ಸರಿದುಹೋಗುತ್ತದೆ. ಚರ್ಮ ತಾನಾಗಿ ಕೂಡುತ್ತದೆ, ಹುರಿ ತಾನಾಗಿ ಕೂಡುವುದಿಲ್ಲ. ಮೊದಲ ಕೆಲವು ದಿನಗಳಲ್ಲಿ ಬಂದಿದ್ದರೆ ತುದಿಗಳನ್ನು ಹುಡುಕಿ ಹೊಲಿಯಬಹುದಿತ್ತು, ಈಗ ಎರಡು ಹಂತದ ದೊಡ್ಡ ಆಪರೇಷನ್ ಬೇಕು, ಅದರಲ್ಲಿಯೂ ಖಾತ್ರಿ ಇಲ್ಲ ಎಂದು ಮಂಗಳೂರಿನಲ್ಲಿ ನೋಡಿದ ಡಾಕ್ಟರರು ಹೇಳಿದರು. ಖರ್ಚು ಕೇಳಿ ಚಿಕ್ಕಪ್ಪ ಬೇಡವೆಂದರು.

ಅವರು ರಬ್ಬರ್ ಟ್ಯಾಪಿಂಗ್ ಮಾಡುತ್ತಿದ್ದವರು. ಬೆಳಕು ಹರಿಯುವ ಮೊದಲು ಮುನ್ನೂರು ಮರ. ಒಳಗಿನ ಮರಕ್ಕೆ ತಾಗದ ಹಾಗೆ, ತೊಗಟೆಯನ್ನು ಮಾತ್ರ ತೆಳ್ಳಗೆ ಎಬ್ಬಿಸಬೇಕು. ಆ ಹಿಡಿತ ಎರಡು ಬೆರಳು ಇಲ್ಲದ ಮುಷ್ಟಿಗೆ ಬರುವುದಿಲ್ಲ. ಆ ವರ್ಷವೇ ಟ್ಯಾಪಿಂಗ್ ನಿಂತಿತು. ಚಿಕ್ಕಮ್ಮ ರಾತ್ರಿ ದೀಪದ ಕೆಳಗೂ ಬೀಡಿ ಕಟ್ಟಿ ಮನೆ ನಡೆಸಿದರು. ಒಂದು ಸಂಜೆಯ ಕೆಲಸಕ್ಕೆ ಇಷ್ಟು ದೊಡ್ಡ ಬೆಲೆ.

ಆಮೇಲೆ ನಾನು ಹಲವು ವರ್ಷ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ದುಡಿದೆ. ಮದುವೆಯ ರೋಸಿನ ದಿನ, ಹಬ್ಬದ ಮುನ್ನಾದಿನ, ಕೈಗೆ ಟವೆಲ್ ಸುತ್ತಿಕೊಂಡು ಬರುವವರನ್ನು ನೋಡುವಾಗಲೆಲ್ಲ ಚಿಕ್ಕಪ್ಪನ ನೆನಪು ಬರುತ್ತಿತ್ತು. ಅದಕ್ಕೇ ಈ ಬರಹ.

ಕಾಡಿನಲ್ಲಿ ಕಲಿಸುವ ಪಾಠ

ಅಕ್ಕನ ಮಗ ಕೆನಡಾದ ಒಂಟಾರಿಯೋ ಪ್ರಾಂತದಲ್ಲಿ ಕೆಲಸದಲ್ಲಿದ್ದಾನೆ. ಅಲ್ಲಿ ಲೈಸೆನ್ಸ್ ಪಡೆದವರು ನಿಗದಿಯಾದ ದಿನಗಳಲ್ಲಿ ಜಿಂಕೆ ಬೇಟೆಯಾಡಬಹುದು. ಆದರೆ ಹೊಸಬರಿಗೆ ಲೈಸೆನ್ಸ್ ಸುಮ್ಮನೆ ಸಿಗುವುದಿಲ್ಲ, ಮೊದಲು ಪಾಠಕ್ಕೆ ಕೂತು ಪರೀಕ್ಷೆ ಪಾಸಾಗಬೇಕು. ಜೊತೆಯಲ್ಲಿ ಕೆಲಸ ಮಾಡುವವರು ಕರೆದರೆಂದು ಇವನೂ ಪಾಸಾಗಿ, ನವೆಂಬರಿನ ಚಳಿಯಲ್ಲಿ ಬಿಳಿಬಾಲದ ಜಿಂಕೆಯ ಬೇಟೆಗೆ ಹೋದ. ಫೋನಿನಲ್ಲಿ ನಾನು ಕೋವಿಯ ಬಗ್ಗೆಯೇ ಹೆದರಿ ಮಾತನಾಡಿದೆ. ಅವನು ನಕ್ಕು, "ಚಿಕ್ಕಮ್ಮಾ, ಕೋವಿಗಿಂತ ಆಮೇಲಿನ ಚೂರಿ ಕೆಲಸಕ್ಕೇ ನನಗೆ ಜಾಸ್ತಿ ಹೆದರಿಕೆ ಆದದ್ದು" ಎಂದ.

ಜಿಂಕೆ ಬಿದ್ದ ಜಾಗದಲ್ಲಿಯೇ ಹೊಟ್ಟೆ ಸೀಳಿ ಕರುಳು, ಜಠರ ಎಲ್ಲ ತೆಗೆಯಬೇಕು. ಇಲ್ಲದಿದ್ದರೆ ಒಳಗಿನ ಬಿಸಿಗೆ ಮಾಂಸ ಕೆಡುತ್ತದೆ. ಈ ಕೆಲಸ ನೆಲದ ಮೇಲೆ, ಮೊಣಕಾಲೂರಿ, ಹೆಚ್ಚಾಗಿ ಮುಸ್ಸಂಜೆಯ ಮಬ್ಬು ಬೆಳಕಿನಲ್ಲಿ, ಮರಗಟ್ಟಿದ ಬೆರಳುಗಳಿಂದ ಮಾಡುವಂಥದ್ದು. ಅದಕ್ಕೆ ದೊಡ್ಡ ಕತ್ತಿ ಬೇಡ, ಮೂರು ನಾಲ್ಕು ಇಂಚಿನ ಅಲಗು ಸಾಕು ಎನ್ನುತ್ತಾರೆ. ಚರ್ಮ ಸೀಳುವಾಗ ಅಲಗಿನ ಬಾಯಿ ಮೇಲ್ಮುಖವಾಗಿರಬೇಕು, ಎಡಗೈಯ ಎರಡು ಬೆರಳು ಚರ್ಮವನ್ನು ಕರುಳಿನಿಂದ ಎತ್ತಿ ಹಿಡಿದಿರಬೇಕು, ಚೂರಿ ನಿಧಾನವಾಗಿ ಮುಂದೆ ಸಾಗಬೇಕು. ಎದೆಯ ಗೂಡಿನ ಒಳಗೆ ಕೈ ಹಾಕಿ ಶ್ವಾಸನಾಳ ಕೊಯ್ಯುವ ಘಳಿಗೆಯೇ ಎಲ್ಲಕ್ಕಿಂತ ಅಪಾಯದ್ದು. ಅಲ್ಲಿ ಕಣ್ಣಿಗೆ ಏನೂ ಕಾಣಿಸುವುದಿಲ್ಲ. ಒಂದು ಕೈ ನಾಳವನ್ನು ಹಿಡಿದಿರುತ್ತದೆ, ಇನ್ನೊಂದು ಕೈಯ ಚೂರಿ ಅದೇ ಕತ್ತಲೆಯಲ್ಲಿ ಓಡಾಡುತ್ತದೆ. ಬಿಲ್ಲಿನಿಂದ ಬೇಟೆಯಾಡುವವರಿಗೆ ಮತ್ತೊಂದು ಕಂಟಕ ಉಂಟು. ಮುರಿದ ಬಾಣದ ತುದಿ ದೇಹದೊಳಗೆ ಉಳಿದಿದ್ದರೆ ಅದೂ ಕ್ಷೌರದ ಬ್ಲೇಡಿನಷ್ಟೇ ಹರಿತ.

ಇವನ ಜೊತೆಗಿದ್ದ ಹಿರಿಯರೊಬ್ಬರು ಮೊದಲು ಹೇಳಿದ ಮಾತು, ಒಂದು ದೇಹದೊಳಗೆ ಒಬ್ಬನ ಕೈ ಮಾತ್ರ. ಇನ್ನೊಬ್ಬ ಕಾಲು ಹಿಡಿಯಲಿ, ಟಾರ್ಚು ಹಿಡಿಯಲಿ, ಒಳಗೆ ಕೈ ಹಾಕಬಾರದು. ಚೂರಿಯ ಹಿಡಿ ಕಿತ್ತಳೆಯಂಥ ಎದ್ದು ಕಾಣುವ ಬಣ್ಣದ್ದು, ಏಕೆಂದರೆ ಒಣಗಿದ ಎಲೆಗಳ ಮೇಲೆ ಇಟ್ಟ ಚೂರಿಯನ್ನು ಹುಡುಕುವ ಕೈಗೆ ಮೊದಲು ಸಿಗುವುದು ಅದರ ಅಲಗು. ಕೆಲಸ ನಿಲ್ಲಿಸಿದರೆ ಚೂರಿ ಒರೆಗೆ ಹೋಗಬೇಕು, ಅರ್ಧ ನಿಮಿಷವಾದರೂ ಸರಿ.

ಇದನ್ನು ಕೇಳುವಾಗ ನನಗೆ ನಮ್ಮ ಅಜ್ಜನ ನೆನಪಾಯಿತು. ಅವರ ಪ್ರಾಯದ ಕಾಲದಲ್ಲಿ ನಮ್ಮ ಗುಡ್ಡೆಗಳಲ್ಲಿಯೂ ಕಾಡುಹಂದಿಯ ಬೇಟೆ ಇತ್ತು. ಹಂದಿ ಕೊಯ್ಯುವಲ್ಲಿ ಚೂರಿ ಇಬ್ಬರಿಗಿಂತ ಹೆಚ್ಚು ಜನರ ಕೈಗೆ ಅವರು ಕೊಡುತ್ತಿರಲಿಲ್ಲವಂತೆ. ಉಳಿದವರು ನೋಡಬಹುದು, ಬುದ್ಧಿ ಹೇಳಬಹುದು, ಅಷ್ಟೇ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ನಮ್ಮಲ್ಲಿ ಅದೆಲ್ಲ ಕಾನೂನಿಗೆ ವಿರುದ್ಧ. ತೋಟ ಹಾಳುಮಾಡುವ ಕಾಡುಹಂದಿಯನ್ನು ಕೊಲ್ಲಲು ಅನುಮತಿ ಕೊಡುವ ಅಧಿಕಾರವನ್ನು 2022ರಲ್ಲಿ ಕೇರಳ ಸರಕಾರ ಪಂಚಾಯತುಗಳಿಗೆ ವಹಿಸಿತು. ಆದರೆ ಆಗಲೂ ಸತ್ತ ಹಂದಿಯನ್ನು ಹೂಳಬೇಕೆಂದೇ ನಿಯಮ ಮಾಡಿತೇ ಹೊರತು ತಿನ್ನಲು ಬಿಡಲಿಲ್ಲ. ಆದ್ದರಿಂದ ಯಾರಾದರೂ ರಾತ್ರಿ ಹೊತ್ತು ಗುಟ್ಟಾಗಿ ತಂದು ಕೊಟ್ಟ ಕಾಡಿನ ಮಾಂಸಕ್ಕೆ ಚೂರಿ ಮಸೆಯುವ ಪ್ರಶ್ನೆಯೇ ಬರುವುದಿಲ್ಲ. ನಮಗೆ ಇರುವುದು ಸಾಕಿದ ಹಂದಿ, ಅಂಗಡಿಯ ಮಾಂಸ. ಚೂರಿಗೆ ಮಾತ್ರ ಈ ಭೇದ ಗೊತ್ತಿಲ್ಲ.

ನಮ್ಮ ಅಂಗಳಕ್ಕೆ ಬಂದರೆ

ಈಗ ಹಂದಿಯನ್ನು ಮನೆಯಲ್ಲಿಯೇ ಕೊಲ್ಲುವುದು ಕಡಿಮೆಯಾಗಿದೆ. ಆದರೂ ತೊಡೆ, ಪಕ್ಕೆ ಎಂದು ದೊಡ್ಡ ತುಂಡುಗಳನ್ನೇ ತಂದು ಬಫಾತಿಗೆ ಬೇಕಾದ ಹಾಗೆ ಮನೆಯಲ್ಲಿ ಕತ್ತರಿಸುವವರು ಬೇಕಾದಷ್ಟು ಮಂದಿ ಇದ್ದಾರೆ. ಅಂಗಡಿಯವನು ಮಾಡುವ ತುಂಡಿನಲ್ಲಿ ಚರ್ಮ, ಕೊಬ್ಬು, ಮಾಂಸ ಹದವಾಗಿ ಬರುವುದಿಲ್ಲ ಎಂಬ ದೂರು ನನ್ನದೂ ಹೌದು.

ಮೊದಲ ಮಾತು ಮೊಂಡು ಚೂರಿಯ ಬಗ್ಗೆ. ಮೊಂಡಾದರೆ ಕೈಗೆ ತಾಗುವುದಿಲ್ಲ ಎಂದು ನಮ್ಮ ಅಮ್ಮಂದಿರು ನಂಬಿದ್ದರು. ನಿಜ ಸಂಗತಿ ತಿರುಗಾಮುರುಗ. ಹರಿತವಾದ ಚೂರಿ ಸ್ವಲ್ಪ ಬಲಕ್ಕೆ ಕೊಯ್ಯುತ್ತದೆ, ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲುತ್ತದೆ. ಮೊಂಡು ಚೂರಿಗೆ ಭುಜದ ಬಲವೆಲ್ಲ ಹಾಕಬೇಕು. ಹಂದಿಯ ಚರ್ಮ ಒಮ್ಮೆಲೇ ಬಿಟ್ಟುಕೊಟ್ಟಾಗ ಆ ಬಲ ಎಲ್ಲಿಗೆ ಹೋಗುತ್ತದೆಂದು ಯಾರ ಹಿಡಿತದಲ್ಲಿಯೂ ಇರುವುದಿಲ್ಲ. ಚಿಕ್ಕಪ್ಪನ ಚೂರಿ ಆ ದಿನ ಮೊಂಡಾಗಿತ್ತು. ಹಿಂದಿನ ದಿನ ಅದರಲ್ಲಿ ತೆಂಗಿನ ಗರಿ ಸೀಳಿದ್ದರು. ಹಾಗಾಗಿ ಮಾಂಸದ ಚೂರಿ ಮಾಂಸಕ್ಕೆ ಮಾತ್ರ ಇರಲಿ. ಮೊದಲೇ ಮಸೆಗಲ್ಲಿಗೆ ನೀರು ಹಾಕಿ ಎರಡೂ ಬದಿ ಸಮನಾಗಿ ಮಸೆದಿಡಿ, ಕೆಲಸದ ನಡುವೆಯೂ ಒಂದೆರಡು ಸಲ ಮಸೆಯಿರಿ.

ಎರಡನೆಯದು ಹಿಡಿ. ಹಂದಿಯ ಕೊಬ್ಬು ಕೈಯಲ್ಲಿ ಸೋಪಿನ ಹಾಗೆ ಜಾರುತ್ತದೆ. ಬಿಸಿನೀರು, ಸಾಬೂನು, ಒಣ ಬಟ್ಟೆ ಪಕ್ಕದಲ್ಲಿಯೇ ಇರಲಿ. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಕೈಯನ್ನೂ ಹಿಡಿಯನ್ನೂ ತೊಳೆದು ಒರಸಿಕೊಳ್ಳಬೇಕು. ಹಿಡಿ ಮತ್ತು ಅಲಗು ಸೇರುವಲ್ಲಿ ಬೆರಳು ಮುಂದೆ ಹೋಗದ ಹಾಗೆ ಒಂದು ತಡೆ ಇರುವ ಚೂರಿ ಮಾಂಸದ ಕೆಲಸಕ್ಕೆಂದೇ ಸಿಗುತ್ತದೆ. ಅಡುಗೆಮನೆಯ ಸಪೂರ ಹಿಡಿಯ ಚೂರಿಗೆ ಅದು ಇರುವುದಿಲ್ಲ. ಎಲುಬಿನ ಸಂದಿಯಲ್ಲಿ ಮೊನೆ ಊರಿ ಚುಚ್ಚುವ ಬದಲು ಅಲಗನ್ನು ಎಲುಬಿಗೆ ಒರಗಿಸಿ ಸಣ್ಣ ಸಣ್ಣದಾಗಿ ಎಳೆಯಿರಿ. ಚುಚ್ಚಿದಾಗಲೇ ಕೈ ಜಾರುವುದು.

ಕೂರುವ ರೀತಿ ಇನ್ನೂ ಮುಖ್ಯ. ಮಣೆಯ ಮೇಲೆ ಕೂತು, ಮಾಂಸವನ್ನು ಎರಡು ಕಾಲುಗಳ ನಡುವೆ ಇಟ್ಟು, ಚೂರಿಯನ್ನು ತಮ್ಮ ಕಡೆಗೇ ಎಳೆಯುವವರನ್ನು ನೀವೂ ನೋಡಿರಬಹುದು. ಆ ಚೂರಿ ಜಾರಿದರೆ ಹೋಗುವುದು ತೊಡೆಯ ಮೇಲ್ಭಾಗಕ್ಕೆ. ಅಲ್ಲಿ ಚರ್ಮದಿಂದ ಹೆಚ್ಚು ಆಳದಲ್ಲಿ ಅಲ್ಲದೆ ದೊಡ್ಡ ರಕ್ತನಾಳ ಹಾದುಹೋಗುತ್ತದೆ. ಅದು ತುಂಡಾದರೆ ಆಸ್ಪತ್ರೆಗೆ ತಲಪುವ ಸಮಯವೂ ಸಿಗದೆ ಹೋಗಬಹುದು. ಮಾಂಸ ಕಡಿಯುವುದೇ ಕಸುಬಾದವರಲ್ಲಿಯೂ ಈ ಬಗೆಯ ಸಾವುಗಳಾಗಿವೆ. ಒಂದು ಗಟ್ಟಿ ಮೇಜಿನ ಮೇಲೆ ಹಲಗೆ ಇಟ್ಟು, ಅದು ಸರಿಯದ ಹಾಗೆ ಅಡಿಗೆ ಒದ್ದೆ ಬಟ್ಟೆ ಹಾಸಿ, ನಿಂತು ಕೆಲಸ ಮಾಡಿದರೆ ಬೆನ್ನಿಗೂ ಒಳ್ಳೆಯದು. ಮಾಂಸವನ್ನು ಕೆಲವು ಗಂಟೆ ಫ್ರಿಜ್ಜಿನಲ್ಲಿ ಇಟ್ಟರೆ ಕೊಬ್ಬು ಗಟ್ಟಿಯಾಗಿ ತುಂಡು ನೇರ ಬರುತ್ತದೆ, ಜಾರುವುದೂ ಕಡಿಮೆ.

ಮಚ್ಚುಕತ್ತಿಯಿಂದ ಎಲುಬು ಕಡಿಯುವಾಗ ಎಡಗೈ ಎಲ್ಲಿದೆ ಎಂದು ನೋಡದೆ ಕತ್ತಿ ಎತ್ತಬಾರದು. ತುಂಡು ಚಿಕ್ಕದಾಗಿದ್ದರೆ ಕತ್ತಿಯನ್ನು ಎಲುಬಿನ ಮೇಲೆ ಇಟ್ಟು ಬೆನ್ನಿಗೆ ಮರದ ಕೊಡತಿಯಿಂದ ಹೊಡೆಯಿರಿ. ಎಡಗೈಗೆ ಉಕ್ಕಿನ ಬಳೆಗಳಿಂದ ಹೆಣೆದ ಗ್ಲೌಸು ಹಾಕುವುದುಂಟು. ಚೂರಿಯ ಕೊಯ್ತಕ್ಕೆ ಅದು ಒಳ್ಳೆಯ ರಕ್ಷಣೆ, ಮಚ್ಚಿನ ಏಟಿಗೂ ಚೂರಿಯ ಮೊನೆಗೂ ಅಲ್ಲ. ರಬ್ಬರ್ ಗ್ಲೌಸು ಕೊಯ್ತವನ್ನು ತಡೆಯುವುದಿಲ್ಲ, ಆದರೆ ಬೇರೆ ಕಾರಣಕ್ಕೆ ಬೇಕು. ಅದನ್ನು ಮುಂದೆ ಹೇಳುತ್ತೇನೆ.

ಹೆಂಗಸರ ಮೆಟ್ಟುಕತ್ತಿಯನ್ನು ಮರೆತರೆ ಅನ್ಯಾಯವಾದೀತು. ಕೆಲಸದಲ್ಲಿ ಅದು ತುಂಬ ಸುರಕ್ಷಿತ, ಕತ್ತಿ ಅಲ್ಲಾಡುವುದಿಲ್ಲ, ಎರಡು ಕೈಯೂ ಮಾಂಸದ ಮೇಲೆ ಇರುತ್ತವೆ. ಅಪಾಯ ಇರುವುದು ನಾವು ಎದ್ದು ಹೋದ ಮೇಲೆ. "ಒಲೆಯಲ್ಲಿ ಹಾಲು ಉಕ್ಕಿತು" ಎಂದು ಓಡುವಾಗ ಕತ್ತಿ ನೆಟ್ಟಗೆ ನಿಂತಿರುತ್ತದೆ, ಅಂಬೆಗಾಲಿನ ಮಗು ಅಲ್ಲಿಯೇ ಇರುತ್ತದೆ. ಮಡಚಲು ಬರುವುದಾದರೆ ಮಡಚಿ, ಇಲ್ಲವಾದರೆ ಗೋಡೆಗೆ ಮುಖ ಮಾಡಿ ಮಲಗಿಸಿ ಏಳಿ. ಸೋಪಿನ ನೀರು ತುಂಬಿದ ಬೋಗುಣಿಗೆ ಚೂರಿ ಹಾಕಿ ಹೋಗುವುದೂ ಅಂಥದ್ದೇ ತಪ್ಪು. ಆಮೇಲೆ ಪಾತ್ರೆ ತೊಳೆಯಲು ಕೈ ಹಾಕುವ ಮಗಳಿಗೆ ಅದು ಗೊತ್ತಿರುವುದಿಲ್ಲ.

ಇನ್ನೊಂದನ್ನು ಹೇಳಿದರೆ ಕೆಲವರಿಗೆ ಸಿಟ್ಟು ಬರಬಹುದು. ಮಾಂಸ ಮಾಡಲು ಕೂರುವ ಮೊದಲು "ಒಂದು ಸಣ್ಣದು" ಹಾಕುವ ಕ್ರಮ ನಮ್ಮಲ್ಲಿ ಉಂಟು. ಚಳಿಗೆ ಎನ್ನುತ್ತಾರೆ. ಕಾಸರಗೋಡಿನಲ್ಲಿ ಎಂಥ ಚಳಿಯೋ ನನಗೆ ತಿಳಿಯದು! ಹಾಕುವವರು ಚೂರಿ ತೊಳೆದಿಟ್ಟ ಮೇಲೆ, ಕಾಳಿಜ್-ಆಂಕಿತಿ ಬೇಯುವಾಗ ಹಾಕಿಕೊಳ್ಳಲಿ.

ಕೈಗೆ ತಾಗಿದರೆ

ಕಾಫಿಪುಡಿ, ಅರಿಶಿನ, ಸುಣ್ಣ, ಹೊಗೆಸೊಪ್ಪು ಯಾವುದೂ ಬೇಡ. ಗಾಯವನ್ನು ತೊಳೆಯಲು ಕೂತ ಡಾಕ್ಟರರಿಗೆ ಅದನ್ನು ತೆಗೆಯುವುದೇ ಅರ್ಧ ಗಂಟೆಯ ಕೆಲಸವಾಗುತ್ತದೆ. ಚಿಕ್ಕ ಗಾಯವಾದರೆ ಹರಿಯುವ ನೀರಿನಲ್ಲಿ ಸಾಬೂನು ಹಾಕಿ ತೊಳೆಯಿರಿ. ರಕ್ತ ಹರಿಯುತ್ತಿದ್ದರೆ ಶುದ್ಧ ಬಟ್ಟೆಯನ್ನು ಮಡಚಿ ಗಾಯದ ಮೇಲೆ ಇಟ್ಟು ಗಟ್ಟಿಯಾಗಿ ಒತ್ತಿ, ಕೈಯನ್ನು ಮೇಲಕ್ಕೆ ಎತ್ತಿ ಹಿಡಿಯಿರಿ. ಗಡಿಯಾರ ನೋಡಿ ಪೂರ್ತಿ ಹತ್ತು ನಿಮಿಷ. ನಿಂತಿತೋ ಎಂದು ನಡುವೆ ಎತ್ತಿ ನೋಡಿದರೆ ಪುನಃ ಮೊದಲಿನಿಂದ ಎಣಿಸಬೇಕು. ಬಟ್ಟೆ ತೋಯ್ದರೆ ಅದನ್ನು ತೆಗೆಯದೆ ಮೇಲೆ ಇನ್ನೊಂದನ್ನು ಇಟ್ಟು ಇನ್ನೂ ಗಟ್ಟಿಯಾಗಿ ಒತ್ತಿ. ಸಣ್ಣ ಗಾಯಕ್ಕೆ ಬೆರಳಿನ ಬುಡಕ್ಕೆ ದಾರ ಬಿಗಿಯುವುದು ಬೇಡವೇ ಬೇಡ. ತೊಡೆಗೆ ತಾಗಿ ರಕ್ತ ಚಿಮ್ಮುತ್ತಿದ್ದರೆ ಮಾತ್ರ ಒಂದು ಕ್ಷಣವೂ ಯೋಚಿಸಬಾರದು. ಮಲಗಿಸಿ, ಬಟ್ಟೆ ತುರುಕಿ, ಎರಡೂ ಕೈಯ ಭಾರ ಹಾಕಿ ಒತ್ತಿಯೇ ಇರಬೇಕು. ಇನ್ನೊಬ್ಬರು 108ಕ್ಕೆ ಫೋನು ಮಾಡಲಿ.

ರಕ್ತ ನಿಂತ ಮೇಲೆ ಮಾಡಬೇಕಾದ ಒಂದು ಪರೀಕ್ಷೆ ಇದೆ. 1997ರಲ್ಲಿ ನಮ್ಮ ಅಂಗಳದಲ್ಲಿ ಇದನ್ನು ತಿಳಿದವರು ಒಬ್ಬರೂ ಇರಲಿಲ್ಲ. ಗಾಯವಾದ ಬೆರಳಿನ ನಡುವಿನ ಗೆಣ್ಣನ್ನು ಇನ್ನೊಂದು ಕೈಯಿಂದ ನೇರವಾಗಿ ಹಿಡಿದು, ತುದಿಯನ್ನು ಮಾತ್ರ ಮಡಚಲು ಹೇಳಿ. ಆಮೇಲೆ ಬೆರಳು ಪೂರ್ತಿ ಮಡಚಲಿ, ಪೂರ್ತಿ ಬಿಡಿಸಲಿ. ಬೆರಳಿನ ಎರಡೂ ಬದಿಗೆ ಹತ್ತಿಯ ಎಳೆಯಿಂದ ಮುಟ್ಟಿ, ತಿಳಿಯುತ್ತದೋ ಕೇಳಿ. ತುದಿ ಮಡಚದಿದ್ದರೆ ಹುರಿ ತುಂಡಾಗಿರಬಹುದು, ಒಂದು ಬದಿ ಜೋಮು ಹಿಡಿದ ಹಾಗಿದ್ದರೆ ನರ ಕೊಯ್ದಿರಬಹುದು. ಗಾಯ ಅರ್ಧ ಇಂಚು ಇದ್ದರೂ ಸರಿ, ರಕ್ತ ಒಂದು ತೊಟ್ಟೂ ಇಲ್ಲದಿದ್ದರೂ ಸರಿ, ಆ ದಿನವೇ ಕೈಯ ಶಸ್ತ್ರಚಿಕಿತ್ಸೆ ಮಾಡುವ ಡಾಕ್ಟರರು ಇರುವ ಆಸ್ಪತ್ರೆಗೆ ಹೋಗಬೇಕು. ಬೆರಳು ಮಡಚಿದರೂ ನೋವು ತುಂಬ ಇದ್ದರೆ ಹೋಗಿ ತೋರಿಸಿ, ಅರ್ಧ ತುಂಡಾದ ಹುರಿ ಆಮೇಲೆ ಪೂರ್ತಿ ಹರಿಯುವುದುಂಟು. ಹಬ್ಬ ಕಳೆಯಲಿ ಎಂದು ಕಾಯಬಾರದು.

ಬೆರಳೇ ತುಂಡಾಗಿ ಬಿದ್ದರೆ ಎಸೆಯಬೇಡಿ. ಒದ್ದೆ ಮಾಡಿ ಹಿಂಡಿದ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯ ನೀರಿನಲ್ಲಿ ಇಟ್ಟು ಗಾಯಾಳುವಿನ ಜೊತೆಗೇ ಕಳುಹಿಸಿ. ಮಂಜುಗಡ್ಡೆ ನೇರವಾಗಿ ಬೆರಳಿಗೆ ತಾಗಬಾರದು.

ಧನುರ್ವಾಯುವಿನ ಚುಚ್ಚುಮದ್ದು ಯಾವಾಗ ತೆಗೆದುಕೊಂಡದ್ದೆಂದು ನೆನಪಿಲ್ಲದವರು ಅದನ್ನೂ ಕೇಳಿ. ಹಿಂದೆ ಟಿ.ಟಿ. ಎನ್ನುತ್ತಿದ್ದದ್ದರ ಜಾಗದಲ್ಲಿ ಈಗ ಟಿ.ಡಿ. ಕೊಡುತ್ತಾರೆ. ಇನ್ನು ರಬ್ಬರ್ ಗ್ಲೌಸಿನ ವಿಷಯ. ಹಂದಿಯ ರಕ್ತ, ಮೂತ್ರ, ಹಸಿ ಮಾಂಸದಿಂದ ಕೈಯ ಸಣ್ಣ ಗೀರುಗಳ ಮೂಲಕ ನಮಗೆ ದಾಟುವ ರೋಗಗಳಿವೆ. ಇಲಿಜ್ವರ ಬರುವುದು ಇಲಿಯಿಂದ ಮಾತ್ರವಲ್ಲ, ಹಂದಿಯ ಮೂತ್ರದಿಂದಲೂ ಬರಬಹುದು. ಹಂದಿಯಲ್ಲಿರುವ ಒಂದು ಜಾತಿಯ ಬ್ಯಾಕ್ಟೀರಿಯ ಮನುಷ್ಯರ ಮೆದುಳಿನ ಪೊರೆಗೆ ಸೋಂಕು ತಂದು ಕಿವಿಯನ್ನೇ ಕೆಡಿಸಬಲ್ಲದು. ಹಂದಿ, ಮೀನು ಮುಟ್ಟಿದ ಕೆಲವು ದಿನಗಳಲ್ಲಿ ಬೆರಳು ನೇರಳೆ ಬಣ್ಣಕ್ಕೆ ತಿರುಗಿ ಬಾತು ಉರಿಯುವುದೂ ಉಂಟು, ಅದಕ್ಕೆ ಪೆನ್ಸಿಲಿನ್ ಕೊಟ್ಟರೆ ಗುಣವಾಗುತ್ತದೆ. ಕೈಯಲ್ಲಿ ಮೊದಲೇ ಗಾಯ ಇದ್ದವರು ಈ ಕೆಲಸದಿಂದ ದೂರ ಇರುವುದೇ ಮೇಲು. ಮಾಂಸ ಮಾಡಿದ ಎರಡು ಮೂರು ವಾರದೊಳಗೆ ಜ್ವರ ಬಂದರೆ ಡಾಕ್ಟರರು ಕೇಳದಿದ್ದರೂ "ಹಂದಿಮಾಂಸ ಮಾಡಿದ್ದೆ" ಎಂದು ನೀವೇ ಹೇಳಿ.

ಚಿಕ್ಕಪ್ಪನಿಗೆ ಈಗ ಅರವತ್ತು ದಾಟಿದೆ. ಹಬ್ಬದ ಮಾಂಸಕ್ಕೆ ಈಗಲೂ ಬರುತ್ತಾರೆ, ಚೂರಿ ಹಿಡಿಯಲು ಅಲ್ಲ, ಕೊಡಲು. ಹಿಂದಿನ ದಿನವೇ ನಾಲ್ಕನ್ನೂ ಮಸೆದು, ಅಡಿಕೆ ಹಾಳೆಯಿಂದ ತಾವೇ ಮಾಡಿದ ಒರೆಗಳಲ್ಲಿ ಹಾಕಿ ತರುತ್ತಾರೆ. ಒಬ್ಬರಿಗೆ ಒಂದು. ಕೈಯಿಂದ ಕೈಗೆ ಕೊಡುವ ಹಾಗಿಲ್ಲ, ಹಲಗೆಯ ಮೇಲೆ ಇಡುತ್ತಾರೆ, ಬೇಕಾದವರು ಅಲ್ಲಿಂದ ತೆಗೆದುಕೊಳ್ಳಬೇಕು. ಮುಗಿದ ಮೇಲೆ ಎಣಿಸುತ್ತಾರೆ. ಕಳೆದ ಕ್ರಿಸ್ಮಸ್ಸಿಗೆ ಮೂರೇ ಬಂದವು. ಹುಡುಗರು, "ಇಲ್ಲೇ ಎಲ್ಲೋ ಉಂಟು ಅಜ್ಜಾ, ಚಹಾ ಕುಡಿದು ಹುಡುಕುವಾ" ಎಂದರು. ಚಿಕ್ಕಪ್ಪ ಚಹಾದ ಕೆಟಲನ್ನು ಒಳಗೆ ಕಳುಹಿಸಿ, ಮಕ್ಕಳನ್ನು ಜಗಲಿಗೆ ಅಟ್ಟಿ, ಬಾಗಿಲಲ್ಲಿ ಕೂತರು. ನಾಲ್ಕನೆಯದು ಎಸೆಯಲು ರಾಶಿ ಹಾಕಿದ್ದ ಬಾಳೆಲೆಗಳ ಅಡಿಯಲ್ಲಿ ಸಿಕ್ಕಿತು. ಅದನ್ನು ತೊಳೆದು, ಒರಸಿ, ಹಾಳೆಯ ಒರೆಗೆ ಹಾಕಿದ ಮೇಲೆಯೇ ಚಹಾ ಹೊರಗೆ ಬಂತು.